ಎಲ್ಲರೂ ಬೆಚ್ಚಿದಾಗ ಅವರು ಬೆಚ್ಚಲಿಲ್ಲ

ಸಿನಿಮಾದ ಆರಂಭದ ಹೆಸರುಗಳು ಮುಗಿದು, ತೆರೆಯ ಮೇಲೆ ಹೆಣ್ಣುಮಗಳೊಬ್ಬಳು ಖಾಲಿ ಮನೆಯ ಮೆಟ್ಟಿಲು ಹತ್ತುತ್ತಿದ್ದಳು. ಏನೂ ಕಾಣುವ ಮೊದಲೇ ಸಂಗೀತ ಧಡ್ಡನೆ ಅಪ್ಪಳಿಸಿತು. ಹುಬ್ಬಳ್ಳಿಯ ಆ ಚಿತ್ರಮಂದಿರಕ್ಕೆ ಚಿತ್ರಮಂದಿರವೇ ಚೀರಿತು. ಪಕ್ಕದಲ್ಲಿದ್ದ ನನ್ನ ಗಂಡ ಮಾತ್ರ ಕದಲಲಿಲ್ಲ.

"ಯಾಕ ಎಲ್ಲಾರೂ ಚೀರಾಕತ್ತಾರ? ಅಕಿಗೆ ಇನ್ನೂ ಏನೂ ಆಗೇ ಇಲ್ಲಲ್ಲ," ಎಂದರು, ಸುತ್ತಲಿನವರ ತೆರೆದ ಬಾಯಿಗಳನ್ನು ನೋಡುತ್ತ.

ಅದು ತೊಂಬತ್ತರ ದಶಕ. ಆಗ ಅವರು ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ತಗಡು ಬಡಿಯುವ ಯಂತ್ರದ ಮುಂದೆ ನಿಲ್ಲುತ್ತಿದ್ದರು. ಮಧ್ಯಂತರದಲ್ಲಿ ದೀಪ ಹತ್ತಿದಾಗ, "ಅಷ್ಟು ದೊಡ್ಡ ಸಪ್ಪಳ ಕೇಳಿಸಲಿಲ್ಲೇನ್ರಿ?" ಎಂದೆ. ನನ್ನ ತುಟಿಗಳನ್ನೇ ನೋಡುತ್ತಿದ್ದವರು ತಲೆ ತಗ್ಗಿಸಿದರು. "ವರ್ಷಾತು, ಕಿವ್ಯಾಗ ಬರೇ ಗುಂಯ್ ಅಂತೈತಿ. ಹೇಳಿದ್ರ ಕೆಲಸಾ ಹೊಕ್ಕೈತಿ."

ಕರೆದರೆ ಓಗೊಡುವುದಿಲ್ಲವೆಂದು ಆ ವರ್ಷವಿಡೀ ಜಗಳವಾಡಿ ದಣಿದಿದ್ದೆ. ದಣಿವು ಈಗಲೂ ಇದೆ. ಆದರೆ ಏನಾದರೂ ಹೇಳಬೇಕಾದರೆ ಒಲೆಯ ಮುಂದಿನಿಂದ ಎದ್ದು ಬಂದು ಅವರೆದುರು ನಿಲ್ಲುತ್ತೇನೆ.