ಕೌದಿಯ ಬಿಚ್ಚಿದ ಮೂಲೆ

ನಕ್ಕರೆ ಅವಳ ಮುಂದಿನ ಎರಡು ಹಲ್ಲುಗಳ ಸಂದಿಯಲ್ಲಿ ಎಲೆಅಡಿಕೆಯ ಕೆಂಪು ಮೊದಲು ಕಾಣುತ್ತಿತ್ತು, ಆಮೇಲೆ ನಗು ಕೇಳುತ್ತಿತ್ತು. ಬಂಡ್ರಿಯ ನಮ್ಮ ಓಣಿಯಲ್ಲಿ ಎದುರು ಮನೆಯವಳು. ರಕ್ತಸಂಬಂಧವೇನೂ ಇಲ್ಲ, ಆದರೂ ನಮಗೆಲ್ಲ ದೊಡ್ಡವ್ವ. ಪಂಚಾಯ್ತಿ ಅಧ್ಯಕ್ಷೆಯಾದ ಮೇಲೂ ದೊಡ್ಡವ್ವನೇ. ಯಾರಾದರೂ ಮೇಡಂ ಎಂದರೆ, "ಯಾರ್ನ ಕರೀತೀರಿ?" ಎಂದು ಹಿಂದೆ ತಿರುಗಿ ನೋಡುತ್ತಿದ್ದಳು.

ಅಧಿಕಾರ ಬಂದದ್ದೇ ತಡ, ಶಾಲುಗಳು ಬರತೊಡಗಿದವು. ಸಂಡೂರಿಗೆ ಹೋದರೊಂದು, ಹೊಸಪೇಟೆಗೆ ಹೋದರೊಂದು. ನಮ್ಮ ಕಡೆ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಾರಲ್ಲ, ಹಾಗೆ ಅವಳು ಸನ್ಮಾನದ ಶಾಲುಗಳನ್ನೆಲ್ಲ ಕೂಡಿಸಿ ಹೊಲಿದು ಪಂಚಾಯ್ತಿ ಕಟ್ಟೆಯ ಮೇಲೆ ಹಾಸಿದಳು. ಕೆಲಸಕ್ಕೆಂದು ಬಂದು ಕಾಯುವವರು ಅದರ ಮೇಲೆಯೇ ಕೂರಬೇಕು.

"ನನ್ನ ಹೆಗಲಿಗೆ ಭಾಳ ಭಾರ ಆಗ್ತೈತಿ. ನಿಮ್ಮ ಕುಂಡಿಗಾದ್ರೂ ಮೆತ್ತಗಾಗ್ಲಿ, ಕುಂದ್ರಿ."

ಒಂದು ಬೇಸಿಗೆ ಊರಿನ ಬೋರ್ ಬತ್ತಿ, ಕುಡಿಯುವ ನೀರಿಗೆ ಟ್ಯಾಂಕರನ್ನೇ ಕಾಯಬೇಕಾಯಿತು. ಯಾವ ಓಣಿಗೆ ಮೊದಲು ಎಂದು ಸಭೆಯಲ್ಲಿ ಜಗಳವೋ ಜಗಳ. ದೊಡ್ಡವ್ವ ಎದ್ದು, "ನಮ್ಮ ಓಣಿ ಕಡೀಗೆ ಇರ್ಲಿ ಬಿಡ್ರಿ" ಎಂದಳು. ಚಪ್ಪಾಳೆ ಬಿತ್ತು. ಎದುರು ಗುಂಪಿನ ಸದಸ್ಯನೇ ಎದ್ದು ಬಂದು ಹಸಿರು ಶಾಲು ಹೊದಿಸಿದ. ಅದೂ ಕೌದಿಯ ಒಂದು ಮೂಲೆ ಸೇರಿತು.

ಟ್ಯಾಂಕರ್ ನಮ್ಮ ಓಣಿಗೆ ಬರುವಷ್ಟರಲ್ಲಿ ತಳದ ರಾಡಿಯಷ್ಟೇ ಉಳಿದಿರುತ್ತಿತ್ತು. ಒಂದು ಬೆಳಿಗ್ಗೆ ನಮ್ಮವ್ವ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಖಾಲಿ ಕೊಡಗಳನ್ನು ಆ ಕೌದಿಯ ಮೇಲೆ ಸಾಲಾಗಿ ಇಡಿಸಿದಳು.

"ಯಕ್ಕಾ, ಬಿಟ್ಟುಕೊಟ್ಟಾಕಿ ನೀನು, ಬಾಯಿ ಒಣಗಿದ್ದು ನಮ್ದು. ಒಂದ್ ಮಾತು ಕೇಳಿದ್ಯೇನು ನಮ್ಮನ್ನ?"

ದೊಡ್ಡವ್ವ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದಳು. ಬೈಯುತ್ತಾಳೆಂದೇ ನಾವು ತಿಳಿದಿದ್ದೆವು.

"ಕೇಳ್ಲಿಲ್ಲ ನೋಡವ್ವಾ. ನನ್ನ ಕೊಡ ಹಿಂದಿಟ್ಟಿದ್ರ ಸಾಕಿತ್ತು. ನಿಮ್ಮ ಕೊಡಾನೂ ಹಿಂದಿಟ್ಟು ನಾ ಶಾಲು ಹೊದ್ಕೊಂಡೆ" ಎಂದಳು.

ಮುಂದಿನ ಸಭೆಯಲ್ಲಿ ಎಲ್ಲರೆದುರೂ ಇದನ್ನೇ ಹೇಳಿದಳು. ಇವತ್ತು ಕೊನೆಗೆ ನೀರು ಹಿಡಿದ ಓಣಿಗೆ ಮರುದಿನ ಮೊದಲ ಪಾಳಿ ಎಂದು ತೀರ್ಮಾನವಾಯಿತು. ಶಾಲು ಹೊದಿಸಿದವನು ಸುಮ್ಮನಿರಲಿಲ್ಲ. "ಅಧ್ಯಕ್ಷರು ತಮ್ಮ ಓಣಿಗೇ ನೀರು ಎಳ್ಕೊಂಡ್ರಲ್ಲ" ಎಂದು ಚುಚ್ಚಿದ.

"ಎಳ್ಕೊಂಡೀನಿ. ನಿನ್ನ ಶಾಲು ನೀ ಒಯ್ಯಪ್ಪ" ಎಂದವಳೇ ಕಟ್ಟೆಗೆ ಹೋಗಿ ಕೂತು, ಹೊಲಿಗೆ ಬಿಚ್ಚಿ, ಹಸಿರು ಶಾಲನ್ನು ನೀಟಾಗಿ ಮಡಿಸಿ ಅವನ ಕೈಗಿಟ್ಟಳು. ಸಭೆಗೆ ಸಭೆಯೇ ನಕ್ಕಿತು, ಕಡೆಗೆ ಅವನೂ ನಕ್ಕ. ನಮ್ಮ ಓಣಿಗೆ ಮೊದಲ ಪಾಳಿ ಬಂದ ದಿನ ಅವಳು ಎಲ್ಲರ ಕೊಡ ತುಂಬಿದ ಮೇಲೆ ತನ್ನದನ್ನು ಟ್ಯಾಂಕರಿನ ನಲ್ಲಿಗೆ ಹಿಡಿದಳು.

ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ಕೌದಿ ಇನ್ನೂ ಕಟ್ಟೆಯ ಮೇಲಿದೆ, ಬಿಚ್ಚಿದ ಮೂಲೆಗೆ ತೇಪೆ ಹಾಕಲು ನಾವು ಯಾರನ್ನೂ ಬಿಟ್ಟಿಲ್ಲ.

ಈಗ ಅದೇ ಪಂಚಾಯ್ತಿಗೆ ನಾನೂ ಒಬ್ಬ ಸದಸ್ಯ. ಮೊನ್ನೆ ಸಭೆಯಲ್ಲಿ, ನಮ್ಮ ಓಣಿಗೆ ಬಂದ ಬೀದಿದೀಪವನ್ನು ಮೇಲಿನ ಓಣಿಗೆ ಬಿಟ್ಟುಕೊಡುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಚಪ್ಪಾಳೆಯಂತೂ ಖಂಡಿತ ಬೀಳುತ್ತಿತ್ತು. "ನಾಳಿ ಹೇಳ್ತೀನ್ರಿ" ಎಂದು ಎದ್ದು, ಅವ್ವನನ್ನು ಕೇಳಲು ಮನೆಗೆ ಬಂದೆ.