ಯಮುನಾ ನುಂಗಿದ ಮಾತ್ರೆ

ಪಾಲಿಬೆಟ್ಟದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಕೂಲಿಯವರು ಇರುವ ಲೈನ್ ಮನೆಗೆ ಯಮುನಾ ಸೊಸೆಯಾಗಿ ಬಂದು ಏಳು ವರ್ಷವಾಗಿತ್ತು. ಗಂಡ ಪ್ರಸಾದ್ ಎಸ್ಟೇಟಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅತ್ತೆ ಚೋಮಿಗೆ ಅವನೊಬ್ಬನೇ ಮಗ.

ಯಮುನಾ ಮುಟ್ಟಾಗುತ್ತಿದ್ದುದು ಮೂರು ತಿಂಗಳಿಗೋ ಐದು ತಿಂಗಳಿಗೋ ಒಮ್ಮೆ. ಗದ್ದದ ಮೇಲೆ ಒರಟು ಕೂದಲು ಬರುತ್ತಿತ್ತು. ಯಾರೂ ಏಳುವ ಮುಂಚೆ ಎದ್ದು ಕಿತ್ತುಹಾಕುತ್ತಿದ್ದಳು. ಹರಕೆ, ನಾಟಿಮದ್ದು ಎಲ್ಲ ಮುಗಿದ ಮೇಲೆ ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು.

ಸ್ಕ್ಯಾನಿಂಗ್ ನೋಡಿದ ಲೇಡಿ ಡಾಕ್ಟರ್ ಬಿಡಿಸಿ ಹೇಳಿದರು. “ನಿಮ್ಮ ಮೈಯಲ್ಲಿ ಇನ್ಸುಲಿನ್ ಇದೆ, ಅದರ ಕೆಲಸ ಸರಿಯಾಗಿ ಆಗ್ತಾ ಇಲ್ಲ. ಅದಕ್ಕೇ ಮೈ ಇನ್ಸುಲಿನ್ ಇನ್ನೂ ಜಾಸ್ತಿ ಮಾಡ್ತದೆ. ಹಾಗಾಗಿ ಅಂಡಾಶಯದಲ್ಲಿ ಮೊಟ್ಟೆ ಬಲಿಯೋದಿಲ್ಲ. ಈ ಮಾತ್ರೆ ಶುಗರಿನವರಿಗೂ ಕೊಡ್ತೇವೆ. ನಿಮಗೆ ಶುಗರ್ ಇದೆ ಅಂತಲ್ಲ. ಮೊದಮೊದಲು ವಾಕರಿಕೆ ಬರ್ತದೆ. ಊಟದ ಜೊತೆ ನುಂಗಿ, ಬಿಡಬೇಡಿ.”

ಕೊರತೆ ತನ್ನದೇ ಎಂದು ಒಪ್ಪಿಕೊಂಡ ಹಾಗಾಗುತ್ತದೆಂದು ಅವಳು ಮನೆಯಲ್ಲಿ ಬಾಯಿ ಬಿಡಲಿಲ್ಲ.

ಎರಡನೇ ವಾರ, ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ನಡೆದಿದ್ದಾಗ, ಕಾಫಿಗಿಡದ ಮರೆಯಲ್ಲಿ ವಾಂತಿ ಮಾಡಿಕೊಂಡಳು. ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದ ದೊಡ್ಡಿ ಓಡಿಬಂದು ಬೆನ್ನು ನೀವಿದಳು. “ಎಂತ ಯಮುನಾ, ವಿಶೇಷವಾ?” ಯಮುನಾ “ಇಲ್ಲಕ್ಕಾ” ಎನ್ನುವಷ್ಟರಲ್ಲಿ ಇನ್ನೊಮ್ಮೆ ವಾಂತಿಯಾಯಿತು. ದೊಡ್ಡಿ ನಕ್ಕುಬಿಟ್ಟಳು.

ಸಂಜೆಯೊಳಗೆ ಸುದ್ದಿ ಲೈನಿಗೆಲ್ಲ ಹರಡಿತ್ತು. ಚೋಮಿ ಸೊಸೆಯ ತಲೆ ಸವರಿ, ಯಾರದೋ ಮನೆಯಿಂದ ಮಾವಿನಮಿಡಿ ಉಪ್ಪಿನಕಾಯಿ ಬೇಡಿ ತಂದಳು. ಏಳು ವರ್ಷದಲ್ಲಿ ಒಮ್ಮೆಯೂ ಒಲೆ ಹಚ್ಚದಿದ್ದ ಪ್ರಸಾದ್ ಅವಳ ಸ್ನಾನಕ್ಕೆ ನೀರು ಕಾಯಿಸಿದ, ಕಿತ್ತಳೆ ಸುಲಿದು ಕೈಗಿಟ್ಟ. ಹೇಳಬೇಕಿತ್ತು. ಈ ಒಂದು ಸಂಜೆ ಹೀಗೇ ಇರಲಿ ಎಂದುಕೊಂಡಳು. ಒಂದು ಸಂಜೆ ನಾಲ್ಕು ದಿನವಾಯಿತು.

ಐದನೇ ದಿನ ಚೋಮಿ, “ಏಳು ಮಗಳೇ, ಆಸ್ಪತ್ರೆಗೆ ಹೋಗಿ ಬಸಿರಿಯರ ತಾಯಿ ಕಾರ್ಡ್ ಮಾಡಿಸಿ ಬರುವ,” ಎಂದಳು. ಯಮುನಾ ಮಾತ್ರೆಯ ಹಾಳೆ ತಂದು ಅವಳ ಕೈಗಿಟ್ಟಳು.

“ಅತ್ತೆ, ಬಸಿರಲ್ಲ. ಮಾತ್ರೆಯಿಂದ ಹಾಗಾಯ್ತು.”

ಚೋಮಿ ಮಾತ್ರೆಯ ಹಾಳೆ ತಿರುಗಿಸಿ ನೋಡಿದಳು. “ಇದು ಪಕ್ಕದ ಮನೆ ಸಾಂತಪ್ಪಣ್ಣ ಶುಗರಿಗೆ ತಿನ್ನೋದಲ್ವಾ?”

ಯಮುನಾ ಡಾಕ್ಟರ್ ಹೇಳಿದ್ದನ್ನು ಹೇಳಹೊರಟಳು. ಯಾರಿಗೂ ಅದು ಬೇಕಿರಲಿಲ್ಲ. ಪ್ರಸಾದ್ ಬಯ್ಯಲಿಲ್ಲ, ಕೈ ಎತ್ತಲಿಲ್ಲ. “ನಾಲ್ಕು ದಿನ ನಮ್ಮ ಮುಖ ನೋಡ್ಕೊಂಡು ಸುಮ್ಮನಿದ್ದೆಯಲ್ಲಾ,” ಎಂದ, ಅಷ್ಟೆ.

ಪಿಕಿಂಗ್ ಮುಗಿಯುತ್ತಲೇ ಅವನು ಹುದಿಕೇರಿ ಕಡೆಯ ಎಸ್ಟೇಟಿಗೆ ಕೆಲಸಕ್ಕೆ ಹೋದ. ಯುಗಾದಿಯ ಹೊತ್ತಿಗೆ ಅಲ್ಲಿ ಇನ್ನೊಬ್ಬಳನ್ನು ಕೂಡಿಕೊಂಡಿದ್ದಾನೆಂದು ಗೊತ್ತಾಯಿತು. ಆಮೇಲೆ ಚೋಮಿಯೂ ಮಗನಲ್ಲಿಗೆ ಹೋಗಲು ಗಂಟು ಕಟ್ಟಿದಳು. ಹೊರಡುವಾಗ ಸೊಸೆಯ ಕೈ ಹಿಡಿದು ಅತ್ತಳು. “ನನಗಿರೋದು ಒಬ್ಬನೇ, ಮಗಳೇ.”

ಯಮುನಾ ಮಾತ್ರೆ ಬಿಡಲಿಲ್ಲ. ಯಾಕೆಂದು ಅವಳಿಗೇ ತಿಳಿಯದು. ವಾಕರಿಕೆ ತಾನಾಗಿ ನಿಂತಿತು. ಮಾತ್ರೆ ಶುರುಮಾಡಿದ ಐದನೇ ತಿಂಗಳು ಮುಟ್ಟಾದಳು. ಆರನೇ ತಿಂಗಳು ಸರಿಯಾಗಿ ಅದೇ ಹೊತ್ತಿಗೆ ಮತ್ತೆ ಆದಳು. ಬಟ್ಟೆ ಒಗೆದುಹಾಕಿ ಕ್ಯಾಲೆಂಡರಿನಲ್ಲಿ ದಿನ ಎಣಿಸಿ ನೋಡಿದಳು. ಕರೆದು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಮುಖ ಅರಳಿತು. “ಒಳ್ಳೇದಾಗ್ತಾ ಇದೆ ಯಮುನಾ. ಇನ್ನು ಮಗುವಿಗೆ ನೋಡಬಹುದು. ಮುಂದಿನ ಸಲ ಯಜಮಾನರನ್ನೂ ಕರ್ಕೊಂಡು ಬನ್ನಿ.”

“ಆಯ್ತು ಮೇಡಂ,” ಎಂದಳು.

ಬಸ್‌ಸ್ಟ್ಯಾಂಡಿಗೆ ಪಾಲಿಬೆಟ್ಟದ ಬಸ್ಸು ಬಂತು, ಅವಳು ಏಳಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಬೆಂಚಿನ ಮೇಲೆ ಅತ್ತಳು. ಇನ್ನೊಂದು ಬಸ್ಸು ಬರುವಷ್ಟರಲ್ಲಿ ಮುಖ ತೊಳೆದುಕೊಂಡು ಬಂದು, ಮನೆಗೆ ಹೋದಳು.