ದೊಡ್ಡಕ್ಕ ಹಂಚಿಕೊಟ್ಟ ಊರುಗಳು

ಮೊನ್ನೆ ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಚೀಲದಿಂದ ಒಣಸಿಗಡಿಯ ವಾಸನೆ ಬಂತು. ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ನಾನು ಏಳಲಿಲ್ಲ. ದೊಡ್ಡಕ್ಕ ನೆನಪಾದಳು...

ಭಟ್ಕಳದ ಬಂದರಿನ ಹತ್ತಿರ ಅವಳದು ನಮ್ಮ ಪಕ್ಕದ ಮನೆ. ಎಪ್ಪತ್ತರ ದಶಕದಲ್ಲಿ, ಮಳೆಗಾಲದ ಬಾಯಲ್ಲಿ ಮೀನಿಗೆ ಹೋದ ನನ್ನ ಗಂಡ ತಿರುಗಿ ಬರಲಿಲ್ಲ. ಮಳೆ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ದಿನ ದೊಡ್ಡಕ್ಕ ಒಂದು ಬುಟ್ಟಿ ತಂದು ನನ್ನ ಮುಂದಿಟ್ಟಳು. "ಅತ್ತದ್ದು ಸಾಕು. ಮಕ್ಳಿಗೆ ಗಂಜಿ ಬೇಡ್ವಾ? ನಾಳೆಯಿಂದ ನಮ್ಮ ಸಂಗಡ ಬಾ."

ಅದಕ್ಕೂ ಮುಂಚೆ ಕೇರಿಯ ಹೆಂಗಸರೆಲ್ಲ ಒಂದೇ ಪೇಟೆಯಲ್ಲಿ ಕೂತು, ಒಬ್ಬರ ದರ ಇನ್ನೊಬ್ಬರು ಮುರಿದು, ಜಗಳವಾಡಿ ಮನೆಗೆ ಬರುತ್ತಿದ್ದರಂತೆ. ಅವರನ್ನು ಒಟ್ಟು ಮಾಡಿದವಳು ಅವಳೇ. ಒಬ್ಬೊಬ್ಬರಿಗೆ ಒಂದೊಂದು ಊರು ಹಂಚಿದ್ದಳು. ಮುಟ್ಟಳ್ಳಿ ಒಬ್ಬಳಿಗೆ, ಕಾಯ್ಕಿಣಿ ನನಗೆ. ಪೇಟೆಯ ನವಾಯತ ಮುಸಲ್ಮಾನರ ಮನೆಗಳು ಅವಳ ಮಗಳಿಗೆ. ನಮ್ಮ ಕೇರಿಯಲ್ಲೇ ಮದುವೆಯಾಗಿದ್ದ ಆ ಹುಡುಗಿಗೆ ಅವರ ಭಾಷೆ ನೀರು ಕುಡಿದಷ್ಟು ಸಲೀಸು. ಯಾರಾದರೂ ಜ್ವರ, ಹೆರಿಗೆ ಅಂತ ಮಲಗಿದರೆ ಉಳಿದವರು ಅವಳ ಊರಿಗೆ ಹೋಗಿ ಮಾರಿ, ಬಂದದ್ದನ್ನು ಅವಳ ಮನೆಗೇ ಮುಟ್ಟಿಸಬೇಕಿತ್ತು.

ಮೊದಲ ದಿನ ನನಗೆ ಕೂಗಿ ಮಾರಲು ಬಾಯೇ ಏಳಲಿಲ್ಲ. ತುಂಬಿದ ಬುಟ್ಟಿ ಹಾಗೇ ವಾಪಸ್ಸು ತಂದೆ. ದೊಡ್ಡಕ್ಕ ಬಯ್ಯಲಿಲ್ಲ. ಮರುದಿನ ತಾನೇ ನನ್ನ ಜೊತೆ ಹೊರಟಳು. "ಮೀನು ಹೊಗಳೂಕೆ ಹೋಗ್ಬೇಡ, ಅದು ಅವ್ರ ಕಣ್ಣಿಗೇ ಕಾಣ್ತದೆ. ಮನೆ ಸುದ್ದಿ ಕೇಳು. ನಿನ್ನೆ ಮೀನಾದ್ರೆ ನಿನ್ನೇದು ಅಂತ ನೀನೇ ಹೇಳು" ಎಂದಳು. ಅಷ್ಟೇ ಅವಳ ಪಾಠ. ಒಂದೆರಡು ವರ್ಷದಲ್ಲಿ ನಮ್ಮ ಗುಂಪು ದಡಕ್ಕೆ ಬಂತೆಂದರೆ ಹರಾಜು ಕೂಗುವವನೂ ನಮ್ಮ ಕಡೆಗೇ ಮೊದಲು ತಿರುಗುತ್ತಿದ್ದ. ಎಷ್ಟೇ ಬಂಗಡೆ ಬಿದ್ದಿರಲಿ, ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ.

ಆಮೇಲೆ ಯಂತ್ರದ ದೊಡ್ಡ ದೋಣಿಗಳು ಬಂದವು. ಐಸ್ ತುಂಬಿದ ಲಾರಿಗಳು ದಡದಲ್ಲೇ ನಿಂತು ಇಡೀ ಮೀನನ್ನು ಪರವೂರಿಗೆ ಒಯ್ದವು. ನಮಗೂ ಮೀನು ಕೊಡು ಎಂದು ದೊಡ್ಡಕ್ಕ ಲಾರಿಯ ಒಬ್ಬ ವ್ಯಾಪಾರಿಯ ಮುಂದೆ ದಿನವೂ ಹೋಗಿ ನಿಂತಳು. ಕೊನೆಗೆ ಅವನು, ಮೂವರಿಗೆ ಮಾತ್ರ ಮೀನು ಕೊಡುತ್ತೇನೆ, ಯಾರೆಂದು ನೀನೇ ಹೇಳು ಎಂದ.

ಸಂಜೆ ಅವಳ ಅಂಗಳದಲ್ಲಿ ಎಲ್ಲರೂ ಸೇರಿದೆವು. ನಮ್ಮೆಲ್ಲರಿಗಿಂತ ಚೆನ್ನಾಗಿ ಮಾರುವವಳು ಅವಳ ಮಗಳೇ, ಅದರಲ್ಲಿ ಎರಡು ಮಾತಿರಲಿಲ್ಲ. ದೊಡ್ಡಕ್ಕ ದುಡಿಯುವ ಗಂಡಸಿಲ್ಲದ ಮೂರು ಮನೆಯವರನ್ನು ಕರೆದಳು. ಅವರಲ್ಲಿ ನಾನೊಬ್ಬಳು. ಮಗಳನ್ನು ಕರೆಯಲಿಲ್ಲ. ತನ್ನನ್ನೂ ಸೇರಿಸಿಕೊಳ್ಳಲಿಲ್ಲ.

"ಅಬ್ಬೆ, ನಾ ಎಂತ ಮಾಡ್ಲಿ?" ಎಂದಳು ಮಗಳು.

"ಗಂಡ ಇದ್ದಾನಲ್ಲ ನಿಂಗೆ. ಹ್ಯಾಂಗೂ ನಡೀತದೆ."

ನಡೆಯಲಿಲ್ಲ. ಸಣ್ಣ ದೋಣಿಗಳು ಮೂಲೆ ಸೇರಿ ಅವಳ ಗಂಡನಿಗೂ ಕೆಲಸ ತಪ್ಪಿತು. ಇಬ್ಬರೂ ಗೋವೆಗೆ ಹೋದರು. ಅಲ್ಲಿ ಅವಳು ಸಿಗಡಿ ಸುಲಿಯುವ ಶೆಡ್ಡಿಗೆ ಸೇರಿದಳು. ಹಬ್ಬಕ್ಕೂ ಬರಲಿಲ್ಲ. ದೊಡ್ಡಕ್ಕ ಕಂಡವರ ಬಲೆ ಹೆಣೆಯುತ್ತಾ ಕೂತಳು. ಬೆಳಿಗ್ಗೆ ಮಾತ್ರ ದಡಕ್ಕೆ ಬಂದು, ನಮ್ಮ ಬುಟ್ಟಿಗಳನ್ನು ತಲೆಗೆ ಎತ್ತಿಕೊಟ್ಟು, ನಾವು ತಿರುವು ದಾಟುವ ತನಕ ನೋಡುತ್ತಾ ನಿಲ್ಲುತ್ತಿದ್ದಳು...

ಕೆಲವು ವರ್ಷಗಳ ಮೇಲೆ ಅವಳು ಹಾಸಿಗೆ ಹಿಡಿದಾಗ ಮಗಳು ಬಂದಳು. ನಾನು ಅಲ್ಲೇ ಇದ್ದೆ. ಶೆಡ್ಡಿನ ಐಸಿನಲ್ಲಿ ನೆನೆದು ಬಿಳುಚಿದ ಬೆರಳುಗಳಿಂದ ಅವ್ವನಿಗೆ ಗಂಜಿ ಕುಡಿಸಿದಳು, ಬಾಯಿ ಒರೆಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಎಲ್ರಿಗೂ ಊರು ಹಂಚಿದ್ಯಲ್ಲ ಅಬ್ಬೆ... ಈಗ ನನ್ನ ಊರು ಯಾವ್ದು?"

ಎಂಥ ಮನೆಯವರನ್ನೂ ಮಾತಿಗೆಳೆಯುತ್ತಿದ್ದ ದೊಡ್ಡಕ್ಕ ಗೋಡೆಯ ಕಡೆ ಹೊರಳಿದಳು. ಆ ವಾರವೇ ತೀರಿಕೊಂಡಳು. ಕ್ರಿಯೆ ಮುಗಿಸಿ ಗೋವೆಯ ಬಸ್ಸು ಹತ್ತಿದ ಮಗಳನ್ನು ನಾನು ಮತ್ತೆ ನೋಡಲಿಲ್ಲ.

ನಾನೀಗ ಕುಮಟೆಯಲ್ಲಿ ನನ್ನ ಮಗಳ ಮನೆಯಲ್ಲಿದ್ದೇನೆ. ಅವಳು ಬಡಿಸಿ ಊಟಕ್ಕೆ ಕರೆದಾಗ ಕೆಲವು ಸಲ ಆ ಇನ್ನೊಬ್ಬ ಮಗಳು ಕಣ್ಣ ಮುಂದೆ ಬರುತ್ತಾಳೆ. ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ... ವಿಚಾರಿಸೋಣವೆಂದರೆ ಕೇರಿಯಲ್ಲಿ ನಮ್ಮ ಗುಂಪಿನವರು ಯಾರೂ ಉಳಿದಿಲ್ಲ.